ಸಹಾಯ ಬೇಕು: ತಾಳಿಕೋಟೆ ಯುದ್ಧವನ್ನು ಮದ್ರಸದ ಮಕ್ಕಳಿಗೆ ಹೇಗೆ ಹೇಳಲಿ?

ಅಸ್ಸಲಾಮು ಅಲೈಕುಂ. ನಮ್ಮೂರ ಮದ್ರಸದಲ್ಲಿ ಹತ್ತು-ಹನ್ನೆರಡು ವರ್ಷದ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಸೀರತ್ (ಪ್ರವಾದಿಯವರ ಜೀವನಚರಿತ್ರೆ), 622ರ ಹಿಜ್ರತ್ (ಮಕ್ಕಾದಿಂದ ಮದೀನಾಕ್ಕೆ ವಲಸೆ), ಮೊದಲ ನಾಲ್ಕು ಖಲೀಫರು, ಇಲ್ಲಿವರೆಗೆ ತೊಂದರೆಯೇ ಇರಲಿಲ್ಲ. ನಮ್ಮ ನಾಡಿನ ಸುಲ್ತಾನರ ಪಾಠಕ್ಕೆ ಬಂದಾಗ ಸಿಕ್ಕಿಹಾಕಿಕೊಂಡಿದ್ದೇನೆ.

ದಖ್ಖನ್ನಿನ ಸುಲ್ತಾನರು ಒಟ್ಟಾಗಿ ವಿಜಯನಗರವನ್ನು ಸೋಲಿಸಿದ 1565ರ ತಾಳಿಕೋಟೆ ಯುದ್ಧ ಅಂದ ಕೂಡಲೇ ಒಬ್ಬ ಹುಡುಗ, "ಉಸ್ತಾದ್, ನಮ್ಮವರು ಗೆದ್ದರಲ್ವಾ?" ಅಂದ. ಪಕ್ಕದಲ್ಲಿದ್ದ ಹುಡುಗಿ, "ಹಾಗಾದ್ರೆ ಹಂಪಿ ಹಾಳು ಮಾಡಿದ್ದು ಸರೀನಾ?" ಅಂತ ಕೇಳಿದಳು. ಆ ಯುದ್ಧಕ್ಕೂ ಮೊದಲು ಬಿಜಾಪುರದ ಸುಲ್ತಾನ ಅಲಿ ಆದಿಲ್ ಶಾಹನೇ ವಿಜಯನಗರದ ರಾಮರಾಯನ ಜೊತೆ ಸೇರಿ ಇನ್ನೊಬ್ಬ ಸುಲ್ತಾನನ ಅಹ್ಮದ್‌ನಗರದ ಮೇಲೆ ಹೋಗಿದ್ದ, ವಿಜಯನಗರದ ಸೈನ್ಯದಲ್ಲೂ ಮುಸ್ಲಿಮರಿದ್ದರು ಅಂತ ನಕ್ಷೆ ಬರೆದು ವಿವರಿಸಿದೆ. ಕುರ್‌ಆನಿನ ಸೂರಃ ನಿಸಾದ 135ನೇ ಆಯತ್ (ವಚನ) ಓದಿಸಿದೆ. ನಮ್ಮ ವಿರುದ್ಧವೇ ಆದರೂ ನ್ಯಾಯದ ಪರ ನಿಲ್ಲಬೇಕು ಅನ್ನುತ್ತದೆ ಅದು. ನನ್ನ ಪ್ರಕಾರ ಇಸ್ಲಾಮೀ ದೃಷ್ಟಿಯಿಂದ ಇತಿಹಾಸ ಕಲಿಸುವುದು ಅಂದ್ರೆ ಇದೇ. ಆದರೂ ಮಕ್ಕಳ ತಲೆಯಲ್ಲಿ ಸುಲ್ತಾನ ಅಂದ್ರೆ ಇಸ್ಲಾಂ ಅಂತಲೇ ಕೂತಿದೆ. ಕೆಲವು ಪೋಷಕರು ಈ ಪಾಠವೇ ಬೇಡ ಅಂತಾರೆ. ಬಿಟ್ಟರೆ ವಾಟ್ಸಾಪ್‌ನಲ್ಲಿ ಕಲಿಯುತ್ತಾರೆ, ಅದು ಇನ್ನೂ ಕೆಟ್ಟದು.

ಈ ವಯಸ್ಸಿನವರಿಗೆ ಸುಲ್ತಾನರ ಇತಿಹಾಸವನ್ನು ದೀನಿನ (ಧರ್ಮದ) ಪಾಠದಿಂದ ಪೂರ್ತಿ ಬೇರೆ ಮಾಡಿ ಹೇಳಬೇಕಾ, ಇಲ್ಲ ಒಟ್ಟಿಗೇ ಇಟ್ಟು ನ್ಯಾಯ ಯಾವುದು, ಅನ್ಯಾಯ ಯಾವುದು ಅಂತ ಗುರುತಿಸಲು ಕಲಿಸಬೇಕಾ? ಪಾಠ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.