ಸ್ಕೋಪ್ ಇರುವ ಹಳೇ ರೈಫಲಿಗೆ ತೋಟಾ ಒಂದೊಂದಾಗಿ ಯಾಕೆ ತುಂಬುತ್ತಿದ್ದರು?

ತೋಟದಮನೆ, ತೀರ್ಥಹಳ್ಳಿ

ಮೊನ್ನೆ ಅಜ್ಜನ ಟ್ರಂಕು ಅಟ್ಟದಿಂದ ಇಳಿಸಿದೆವು, ಮಳೆ ಹಿಡಿಯುವ ಮುಂಚೆ ಒಂದು ಸಲ ಬಿಸಿಲಿಗೆ ಇಡೋಣ ಅಂತ. ಅದರ ತಳದಲ್ಲಿ ಬೆರಳುದ್ದದ ಒಂದು ಉಕ್ಕಿನ ಪಟ್ಟಿ ಸಿಕ್ಕಿತು. ಎರಡೂ ಅಂಚು ಒಳಕ್ಕೆ ಮಡಚಿದೆ. ಅಪ್ಪಯ್ಯ ನೋಡಿದ ಕೂಡಲೇ "ತ್ರೀ ನಾಟ್ ತ್ರೀದು" ಅಂದರು, ಅಂದರೆ ಸೈನ್ಯದ ಹಳೇ .303 ರೈಫಲಿನದು. ಅಜ್ಜ 1962ರ ಹೊತ್ತಿಗೆ ಸೈನ್ಯದಲ್ಲಿದ್ದವರು. ಐದು ತೋಟಾ ಇದಕ್ಕೆ ಸಿಕ್ಕಿಸಿ ರೈಫಲಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದರೆ ಐದೂ ಒಳಗೆ ಹೋಗುತ್ತಿದ್ದವಂತೆ.

ಅದೇ ರಾತ್ರಿ ಯೂಟ್ಯೂಬಿನಲ್ಲಿ ಎರಡನೇ ಮಹಾಯುದ್ಧದ ರಷ್ಯಾದ ಸ್ನೈಪರ್ ರೈಫಲ್ ತೋರಿಸುತ್ತಿದ್ದರು. ಆ ಮನುಷ್ಯ ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ಕೆಳಗೆ ಬೆರಳು ತೂರಿಸಿ ಒಂದೊಂದೇ ತೋಟಾ ತುಂಬುತ್ತಿದ್ದ. ಅಷ್ಟು ಮುಖ್ಯವಾದ ರೈಫಲಿಗೆ ಇಷ್ಟು ನಿಧಾನದ ಕೆಲಸ ಯಾಕೆ? ನನಗೆ ಗೊತ್ತಿರುವುದು ನಮ್ಮ ಮನೆಯ ಜೋಡಿ ನಳಿಗೆ ಕೋವಿ ಮಾತ್ರ, ಅದೂ ಮಂಗ ಓಡಿಸಲಿಕ್ಕೆ. ತಿಳಿದವರು ಹೇಳಿ.

ಕೊಪ್ಪದ ಹುಡುಗ

ಒಂದೇ ಈಡಿಗೆ ಮುಗಿಸುವವನಿಗೆ ಐದು ತೋಟಾ ಯಾಕೆ ಮಾರಾಯ್ರೆ? ಗೇಮಿನಲ್ಲಿ ನಾನೂ ಒಂದೊಂದೇ ತುಂಬುವುದು. ಸುಮ್ನೆ ಶೋಕಿ ಇರಬೇಕು.

ಹಳೇ ಆರ್ಮರರ್, ಸಾಗರ

ಶೋಕಿ ಅಲ್ಲ ತಮ್ಮಾ. ದಾರಿ ಮುಚ್ಚಿಹೋಗಿದೆ, ಅಷ್ಟೇ.

ನಾನು ಸೈನ್ಯದಲ್ಲಿ ರೈಫಲ್ ರಿಪೇರಿ ಮಾಡಿಕೊಂಡೇ ಸರ್ವಿಸ್ ಮುಗಿಸಿದವನು. ಈಗ ಅಡಿಕೆ ಸುಲಿಯುವ ಮೆಷಿನ್ನು ರಿಪೇರಿ ಮಾಡುತ್ತೇನೆ. ಎರಡಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ, ಸ್ಪ್ರಿಂಗ್ ಹೋದರೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ನಿಮ್ಮ ಮನೆಯಲ್ಲಿ ಪತ್ತಾಯ ಇದೆಯಾ? ಭತ್ತವನ್ನು ಮೇಲಿನ ಬಾಯಿಂದ ತಾನೇ ಸುರಿಯುವುದು? ಆ ಬಾಯಿಗೆ ಸರಿಯಾಗಿ ಮೇಲೊಂದು ತೊಲೆ ಬಂದರೆ ಬುಟ್ಟಿ ಎತ್ತಿ ಸುರಿಯಲಿಕ್ಕೆ ಆಗುವುದಿಲ್ಲ. ಪಕ್ಕದಿಂದ ಕೈ ತೂರಿಸಿ ಸೇರುಸೇರಾಗಿ ಹಾಕಬೇಕು. ಹಳೇ ರೈಫಲ್ಲೂ ಹಾಗೆಯೇ. ಬೋಲ್ಟ್, ಅಂದರೆ ತೋಟಾವನ್ನು ನಳಿಗೆಗೆ ತಳ್ಳುವ ಉಕ್ಕಿನ ಅಗುಳಿ, ಹಿಂದಕ್ಕೆ ಎಳೆದರೆ ಮೇಲೆ ಬಾಯಿ ತೆರೆಯುತ್ತದೆ. ಕ್ಲಿಪ್ಪನ್ನು, ಅಂದರೆ ನಿಮಗೆ ಸಿಕ್ಕಿದಂಥ ಪಟ್ಟಿಯನ್ನು, ಅಲ್ಲಿ ನೆಟ್ಟಗೆ ನಿಲ್ಲಿಸಿ ಒತ್ತಬೇಕು. ಸ್ಕೋಪ್ ಕೂರಿಸುವವನಿಗೂ ಬೇಕಾಗಿದ್ದು ಅದೇ ಜಾಗ, ಕಣ್ಣಿಗೆ ನೇರ, ನಳಿಗೆಗೂ ನೇರ.

ನೀವು ನೋಡಿದ್ದು ಮೋಸಿನ್. 1891ರ ರೈಫಲ್, ಐದು ತೋಟಾದ್ದು. ಅದು ಹುಟ್ಟಿದಾಗ ಅದಕ್ಕೆ ಸ್ಕೋಪ್ ಕೂರಿಸುವ ಯೋಚನೆಯೇ ಇರಲಿಲ್ಲ. ಆಮೇಲೆ ಪಿಯು ಅನ್ನುವ, ಮೂರೂವರೆ ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಸ್ಕೋಪನ್ನು ಮೇಲೆ ಕೂರಿಸಿದರು. ವಿಡಿಯೋ ಇನ್ನೊಂದು ಸಲ ನೋಡಿ, ಬೋಲ್ಟಿನ ಹಿಡಿ ಉದ್ದಕ್ಕೆ ಕೆಳಗೆ ಬಾಗಿರುತ್ತದೆ. ಮಾಮೂಲಿ ಮೋಸಿನ್‌ನಲ್ಲಿ ಹಿಡಿ ನೆಟ್ಟಗೆ ಪಕ್ಕಕ್ಕೆ ಇರುತ್ತದೆ. ಅದನ್ನು ಎತ್ತಿದರೆ ಸ್ಕೋಪಿಗೆ ಬಡಿಯುತ್ತದೆ, ಅದಕ್ಕೇ ಬಗ್ಗಿಸಿದ್ದು. ಹಿಡಿಯ ತಾಪತ್ರಯ ಹೀಗೆ ಕಳೆಯಿತು. ಕ್ಲಿಪ್ಪಿನದು ಕಳೆಯಲಿಲ್ಲ.

ನಿಮ್ಮಜ್ಜನ ತ್ರೀ ನಾಟ್ ತ್ರೀ ಬಂಗಾಳದ ಇಶಾಪುರ ಕಾರ್ಖಾನೆಯದ್ದು ಇದ್ದೀತು. ಅದರ ತಮ್ಮ ಬ್ರಿಟಿಷರ ನಂಬರ್ 4 ರೈಫಲ್. ಅದರಲ್ಲಿ ಚೆನ್ನಾಗಿ ಹೊಡೆಯುವ ರೈಫಲ್ ಆರಿಸಿ, ಲಂಡನ್ನಿನ ಕೋವಿ ಕಂಪನಿ ಹಾಲೆಂಡ್ ಅಂಡ್ ಹಾಲೆಂಡಿನವರ ಕೈಯಲ್ಲಿ ನಂಬರ್ 32 ಸ್ಕೋಪ್ ಕೂರಿಸಿದರು. ಆ ಸ್ಕೋಪನ್ನು ಮೊದಲು ಯೋಚಿಸಿದ್ದು ಬ್ರೆನ್ ಅನ್ನುವ ಮೆಷಿನ್ ಗನ್ನಿಗೆ! ಅದರಲ್ಲೂ ಕ್ಲಿಪ್ ಹಾಕಲಿಕ್ಕೆ ಬರುವುದಿಲ್ಲ, ಹತ್ತನ್ನೂ ಕೈಯಲ್ಲೇ ತುಂಬಬೇಕು. ತುಂಬುವಾಗಲೂ ಉಪಾಯ ಬೇಕು. ಈ ತೋಟಾಗಳ ಬುಡಕ್ಕೆ ಅಂಚು ಇದೆ. ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಬೋಲ್ಟ್ ತಳ್ಳುವಾಗ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಬಿಡಿಸುತ್ತಾ ಕೂತರೆ ಬಯ್ಗುಳ ತಾನಾಗಿಯೇ ಬರುತ್ತದೆ, ನನ್ನ ಅನುಭವ.

ತೋಟದಮನೆ, ತೀರ್ಥಹಳ್ಳಿ

ಪತ್ತಾಯ ಹೇಳಿದ್ದು ಸರಿಯಾಗಿ ಹೊಕ್ಕಿತು ಸಾರ್. ಆದರೆ ಸ್ಕೋಪನ್ನೇ ಒಂದಿಷ್ಟು ಪಕ್ಕಕ್ಕೆ ಸರಿಸಿದ್ದರೆ ಆಗುತ್ತಿತ್ತಲ್ವಾ? ಇಲ್ಲಾ ಬಿಚ್ಚಿ, ತುಂಬಿ, ಮತ್ತೆ ಹಾಕುವುದು?

ಹಳೇ ಆರ್ಮರರ್, ಸಾಗರ

ಸರಿಸಿದರು, ಬೇಕಾದಷ್ಟು ಜನ ಸರಿಸಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ತ್ರೀ ನಾಟ್ ತ್ರೀಗೆ ಹೆಚ್ಚಾಗಿ ಎಡಪಕ್ಕಕ್ಕೇ ಸ್ಕೋಪ್. ಕ್ಲಿಪ್ ಸಲೀಸಾಗಿ ಹೋಗುತ್ತಿತ್ತು. ಆದರೆ ಆಗ ಕಂದಕದಲ್ಲಿ ಉಕ್ಕಿನ ಹಲಗೆ ನಿಲ್ಲಿಸಿ, ಅದರ ಸಣ್ಣ ಕಿಂಡಿಯಿಂದ ಹೊಡೆಯುತ್ತಿದ್ದರು. ನಳಿಗೆ ಕಿಂಡಿಯಲ್ಲಿ, ಪಕ್ಕದ ಸ್ಕೋಪಿಗೆ ಹಲಗೆ ಅಡ್ಡ. ಏನು ಕಾಣಬೇಕು ಹೇಳಿ?

ಇನ್ನೊಂದು ಲೆಕ್ಕವೂ ಇದೆ. ಸ್ಕೋಪ್ ನಳಿಗೆಯಿಂದ 5 ಸೆಂಟಿಮೀಟರ್ ಎಡಕ್ಕೆ ಇದೆ ಅನ್ನಿ. 100 ಮೀಟರಿಗೆ ಗುರಿ ಕೂಡಿಸಿದರೆ ಅಲ್ಲಿ ಸರಿ. 200ಕ್ಕೆ ಗುಂಡು 5 ಸೆಂಟಿಮೀಟರ್ ಎಡಕ್ಕೆ ಬೀಳುತ್ತದೆ, 300ಕ್ಕೆ 10. ಎರಡು ಗೆರೆ ಕತ್ತರಿಯ ಹಾಗೆ ಒಂದನ್ನೊಂದು ದಾಟಿ ಹೋಗುತ್ತವೆ. ಕೆನ್ನೆಯೂ ಮರದ ಮೇಲೆ ಸರಿಯಾಗಿ ಕೂರುವುದಿಲ್ಲ.

ಜಪಾನಿನವರು ಇದನ್ನೆಲ್ಲ ಸಹಿಸಿಕೊಂಡು ಟೈಪ್ 97 ರೈಫಲಿಗೆ ಎರಡೂವರೆ ಪಟ್ಟಿನ ಸ್ಕೋಪನ್ನು ಎಡಕ್ಕೇ ಹಾಕಿದರು. ಅಮೆರಿಕದವರ ಗರಾಂಡ್ ರೈಫಲಿಗೆ ಬೇರೆ ದಾರಿಯೇ ಇರಲಿಲ್ಲ. ಎಂಟು ತೋಟಾ ಕ್ಲಿಪ್ಪಿನ ಸಮೇತ ಮೇಲಿಂದ ಒಳಗೆ ಹೋಗಬೇಕು, ಮುಗಿದ ಮೇಲೆ ಖಾಲಿ ಕ್ಲಿಪ್ ಟಿಣ್ ಅಂತ ಮೇಲಕ್ಕೇ ಹಾರುತ್ತದೆ. ಅದಕ್ಕೂ ಸ್ಕೋಪ್ ಎಡಕ್ಕೆ, ಕೆನ್ನೆಗೆ ಆಸರೆಯಾಗಿ ಮರಕ್ಕೆ ಚರ್ಮದ ದಿಂಬು ಕಟ್ಟಿದರು. ಜರ್ಮನರದ್ದು ವಿಚಿತ್ರ. ಜೆಡ್‌ಎಫ್ 41 ಅಂತ ಒಂದೂವರೆ ಪಟ್ಟಿನ ಕಡ್ಡಿಯಂಥ ಸ್ಕೋಪನ್ನು ಮುಂದೆ, ಹಿಂದಿನ ಸೈಟಿನ (ಬರಿಗಣ್ಣಲ್ಲಿ ಗುರಿ ನೋಡುವ ಕಚ್ಚಿನ) ಹತ್ತಿರ ಸಿಕ್ಕಿಸಿದರು. ಕ್ಲಿಪ್ಪಿಗೆ ದಾರಿ ಬಿಟ್ಟಿತು, ಆದರೆ ಕಣ್ಣಿಂದ ಅಷ್ಟು ದೂರದಲ್ಲಿ ಅದರಲ್ಲಿ ಕಾಣುವ ಜಾಗ ಒಂದಿಷ್ಟೇ. ನನಗಂತೂ ಅದು ಯಾರನ್ನೋ ಸಮಾಧಾನ ಮಾಡಲಿಕ್ಕೆ ಮಾಡಿದ ಹಾಗೆ ಕಾಣುತ್ತದೆ.

ಬಿಚ್ಚಿ ಹಾಕುವುದು ಕೇಳಿದಿರಿ. ನಂಬರ್ 4ರಲ್ಲಿ ಎರಡು ದೊಡ್ಡ ತಿರುಪು ಬಿಚ್ಚಿದರೆ ಸ್ಕೋಪ್ ಕೈಗೆ ಬರುತ್ತದೆ. ಮತ್ತೆ ಕೂರಿಸಿದರೆ ಗುರಿಯೂ ಬಹುಮಟ್ಟಿಗೆ ಉಳಿಯುತ್ತದೆ. ಒಂದು ರೈಫಲಿನ ಸ್ಕೋಪ್ ಇನ್ನೊಂದಕ್ಕೆ ಹೋಗಬಾರದು ಅಂತ ಅದರ ನಂಬರನ್ನು ಮರದ ಮೇಲೆ ಒತ್ತಿರುತ್ತಿದ್ದರು. ಆದರೆ ಎದುರಿಗೆ ಶತ್ರು ಇರುವಾಗ ಯಾರು ಬಿಚ್ಚುತ್ತಾರೆ? ಅಡಗಿ ಕೂತವನು ಎರಡು ಈಡು ಹೊಡೆದು ಜಾಗ ಬದಲಿಸುತ್ತಾನೆ. ಅಷ್ಟಕ್ಕೆ ಒಂದೊಂದಾಗಿ ತುಂಬಿದರೂ ಸಾಕು. ಕೊಪ್ಪದ ಹುಡುಗ ಹೇಳಿದ್ದು ಅಷ್ಟರಮಟ್ಟಿಗೆ ನಿಜ.

ಹೊಸನಗರ ಮೇಷ್ಟ್ರು

ರಷ್ಯಾದ ಡ್ರಾಗುನೊವ್ ಸ್ನೈಪರ್ ರೈಫಲ್ ಬಂದ ಮೇಲೆ ಈ ಗೋಳು ಮುಗಿಯಿತಲ್ಲ? ಅದಕ್ಕೂ ಸ್ಕೋಪ್ ಮೇಲೇ ಇದೆ.

ಹಳೇ ಆರ್ಮರರ್, ಸಾಗರ

ಹೌದು ಮೇಷ್ಟ್ರೇ. 1963ರಲ್ಲಿ ರಷ್ಯಾದವರು ತಂದಿದ್ದು. ಅದಕ್ಕೆ ಹತ್ತು ತೋಟಾದ ಡಬ್ಬಿ, ಅಂದರೆ ಮ್ಯಾಗಝಿನ್, ಕೆಳಗಿನಿಂದ ಬರುತ್ತದೆ, ಮೇಲೆ ಏನಿದ್ದರೂ ಲೆಕ್ಕಕ್ಕಿಲ್ಲ. ನಾಲ್ಕು ಪಟ್ಟಿನ ಸ್ಕೋಪ್, ಎಡಗಡೆಯ ಕಂಬಿಗೆ ಜಾರಿಸಿ ಬಿಗಿದರೆ ಆಯಿತು. ಸ್ಕೋಪ್ ಇದ್ದ ಹಾಗೆಯೇ ಅದರ ಕೆಳಗಿಂದ ಮಾಮೂಲಿ ಸೈಟೂ ಕಾಣುತ್ತದೆ. ನನ್ನ ಕೈಗೆ ಬಂದವುಗಳಲ್ಲಿ ನನಗೆ ಹಿಡಿಸಿದ್ದು ಅದೇ.

ತೋಟದಮನೆಯವರೇ, ಖಾಲಿ ಕ್ಲಿಪ್ ಇಟ್ಟುಕೊಳ್ಳಿ, ಅಜ್ಜನ ನೆನಪು. ಟ್ರಂಕಿನಲ್ಲಿ ತೋಟಾ ಏನಾದರೂ ಸಿಕ್ಕಿದರೆ ಮುಟ್ಟಿ ನೋಡುತ್ತಾ ಕೂರಬೇಡಿ, ಸ್ಟೇಷನ್ನಿಗೆ ತಿಳಿಸಿ. ಹೇಗೂ ಚುನಾವಣೆ ಬಂದಾಗಲೆಲ್ಲ ಕೋವಿ ಒಪ್ಪಿಸಲಿಕ್ಕೆ ಅಲ್ಲಿಗೆ ಹೋಗಿ ರೂಢಿ ಇದೆಯಲ್ಲ.

ತೋಟದಮನೆ, ತೀರ್ಥಹಳ್ಳಿ

ತೋಟಾ ಇಲ್ಲ ಸಾರ್, ಪೂರ್ತಿ ಹುಡುಕಿದೆ. ಒಂದು ಕಂಬಳಿ, ಮತ್ತೆ ಅಜ್ಜಿ ಬರೆದ ಕಾಗದಗಳು. ಕ್ಲಿಪ್ ನನಗೂ ಸಿಗಲಿಲ್ಲ. ಅಪ್ಪಯ್ಯ ಆಗಲೇ ಅದನ್ನು ಡೈರಿಯ ಹಾಲಿನ ಚೀಟಿಗಳಿಗೆ ಸಿಕ್ಕಿಸಿಟ್ಟಿದ್ದಾರೆ. ಗಟ್ಟಿ ಹಿಡಿಯುತ್ತದಂತೆ.