ರಸ್ತೆ ಮೇಲಿನ ಹುರುಳಿ ಒಕ್ಕಣೆ: ಕಾರು ದಾಟಿಸೋದು ಹೇಗೆ, ಕಾರಿನ ತಳಕ್ಕೆ ಸುತ್ತಿಕೊಂಡರೆ ಬಿಡಿಸೋದು ಹೇಗೆ?

ದುರ್ಗದ_ದಾರಿ

ಚಿತ್ರದುರ್ಗ–ಚಳ್ಳಕೆರೆ ಕಡೆ ಹೋಗಿ, ದಾವಣಗೆರೆ–ಜಗಳೂರು ಕಡೆ ಹೋಗಿ, ಹೊಸದುರ್ಗದ ಒಳರಸ್ತೆ ಹಿಡೀರಿ, ಸುಗ್ಗಿ ಬಂತು ಅಂದ್ರೆ ಎಲ್ಲಾ ಕಡೆ ಒಂದೇ ಪಾಡು. ಅರ್ಧ ರಸ್ತೆಗೆ ರಾಗಿ, ಇನ್ನರ್ಧಕ್ಕೆ ಹುರುಳಿ. ಎದುರಿನವನು ತನ್ನ ಬದಿಯ ಹುಲ್ಲು ತಪ್ಪಿಸೋಕೆ ಲೈಟ್ ಹೊಡ್ಕೊಂಡು ನಮ್ಮ ಬದಿಗೇ ನುಗ್ತಾನೆ. ಹಿಂದಿನ ಬಸ್ಸಿನವನ ಹಾರ್ನ್ ನಿಲ್ಲಲ್ಲ. ಮುಂದೆ ಹೋಗೋ ಬೈಕಿನವನು ಸರಿಯಾಗಿ ಹುಲ್ಲಿನ ನಡುವೆ ಬಂದು ಗಕ್ಕನೆ ಬ್ರೇಕ್ ಒತ್ತುತ್ತಾನೆ.

ಬೈಕೊಂಡು ಸುಮ್ಮನಾಗೋಣ ಅಂದ್ರೆ, ಹೀಗೆ ಹೋಗುವಾಗ ಅಡಿಯಿಂದ ಬೆಂಕಿ ಹತ್ತಿ ಕಾರು ಸುಟ್ಟ ಸುದ್ದಿ ಆಗಾಗ ಪೇಪರಲ್ಲಿ ಬರ್ತಾ ಇರುತ್ತೆ. ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ನೆಲದಿಂದ 170 ಮಿ.ಮೀ. ಎತ್ತರ. ಎಷ್ಟು ದಪ್ಪ ಹಾಸಿದ್ದರೆ ಹೋಗಬಹುದು, ಎಷ್ಟಾದರೆ ವಾಪಸ್ ತಿರುಗಿಸಬೇಕು? ದಾಟಿದ ಮೇಲೆ ಅಡಿಯಲ್ಲಿ ಏನೇನು ನೋಡಬೇಕು? ಸುಟ್ಟ ವಾಸನೆ ಬಂದರೆ ಏನು ಮಾಡಬೇಕು? ರಾತ್ರಿ ಹೊತ್ತಿನ ಕಥೆ ಏನು? ಗೊತ್ತಿರೋರು ಬಿಡಿಸಿ ಹೇಳಿ.

ಗ್ರೀಸ್_ಕೈ

ಎಲ್ಲಾ ಹುಲ್ಲೂ ಒಂದೇ ಅಲ್ಲ ಸಾರ್. ರಾಗಿ ಹುಲ್ಲು ನೇರ ಕಡ್ಡಿ, ಗಾಲಿ ಹತ್ತಿದರೆ ಚಪ್ಪಟೆಯಾಗಿ ಮಲಗುತ್ತೆ. ಹುರುಳಿ ಬಳ್ಳಿ. ಒಂದಕ್ಕೊಂದು ಹೆಣೆದುಕೊಂಡೇ ಇರುತ್ತೆ, ಒಂದೆಳೆ ಶಾಫ್ಟಿಗೆ ಸಿಕ್ಕಿದ್ರೆ ಹಿಂದಿನದೆಲ್ಲ ತಾನಾಗಿ ಎಳ್ಕೊಂಡು ಬರುತ್ತೆ, ರಾಟೆಗೆ ನೂಲು ಸುತ್ತಿದ ಹಾಗೆ. ರಾಗಿ ಮೇಲೆ ಹತ್ತು ಸಲ ಆರಾಮಾಗಿ ಹೋದ ಕಾರು ಹುರುಳಿ ಮೇಲೆ ಒಂದೇ ಸಲಕ್ಕೆ ಸಿಕ್ಕಿಹಾಕಿಕೊಳ್ಳೋದು ಇದಕ್ಕೇ.

ಸುತ್ತಿಕೊಳ್ಳೋ ಜಾಗ ಯಾವುದು ಅಂದ್ರೆ, ನಿಮ್ಮ ಹ್ಯಾಚ್‌ಬ್ಯಾಕಿನಲ್ಲಿ ಗೇರ್‌ಬಾಕ್ಸಿನಿಂದ ಮುಂದಿನ ಎರಡು ಗಾಲಿಗೆ ಹೋಗುವ ಡ್ರೈವ್ ಶಾಫ್ಟ್. ಗ್ಯಾರೇಜಲ್ಲಿ ಆಕ್ಸಲ್ ಅಂತೀವಿ. ಎರಡೂ ತುದಿಗೆ ರಬ್ಬರ್ ಬೂಟ್ ಇರುತ್ತೆ, ಅದರೊಳಗೆ ಗ್ರೀಸ್. ಬಳ್ಳಿ ಬಿಗಿಯಾಗಿ ಸುತ್ತಿದ್ರೆ ಬೂಟ್ ಹರಿಯುತ್ತೆ, ಗ್ರೀಸ್ ಹೊರಗೆ ಚೆಲ್ಲುತ್ತೆ, ಜಾಯಿಂಟಿಗೆ ಧೂಳು ಸೇರುತ್ತೆ. ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು. ಗೇರ್‌ಬಾಕ್ಸ್ ಕಡೆ ಸುತ್ತಿದ್ದರೆ ಆಯಿಲ್ ಸೀಲ್ ಒಳಗೆ ಕಡ್ಡಿ ತೂರಿ ಗೇರ್ ಆಯಿಲ್ ಜಿನುಗೋಕೆ ಶುರುವಾಗುತ್ತೆ. ಗಾಲಿ ಹತ್ತಿರ ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಸೆನ್ಸರ್ ವೈರ್ ಇರುತ್ತೆ, ಅದು ಎಳೆದು ತುಂಡಾದ್ರೆ ಡ್ಯಾಶ್‌ಬೋರ್ಡಲ್ಲಿ ಎಬಿಎಸ್ ಲೈಟ್ ಉರಿಯುತ್ತೆ.

ಇನ್ನು ಬೆಂಕಿ. ಈಗಿನ ಬಹಳ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್, ಅಂದ್ರೆ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡೋ ಡಬ್ಬಿ, ಎಂಜಿನ್ ಬುಡದಲ್ಲೇ ಕೂತಿರುತ್ತೆ. ಎಂಜಿನ್ ಓಡ್ತಾ ಇದ್ದಾಗ ಅದರೊಳಗಿನ ಬಿಸಿ 400ರಿಂದ 600 ಡಿಗ್ರಿ ಸೆಲ್ಸಿಯಸ್. ಒಣಗಿದ ಹುಲ್ಲು ಹೊತ್ತಿಕೊಳ್ಳೋಕೆ 250–300 ಸಾಕು. ಮೇಲೆ ತಗಡಿನ ಹೀಟ್ ಶೀಲ್ಡ್ ಇರುತ್ತೆ ನಿಜ, ಆದ್ರೆ ಶೀಲ್ಡಿಗೂ ಪೈಪಿಗೂ ನಡುವಿನ ಸಂದಿಯಲ್ಲೇ ಹೊಟ್ಟು ತುಂಬಿಕೊಂಡ್ರೆ ಅದರಿಂದ ಉಪಯೋಗ ಇಲ್ಲ. ಸಂಪಿನ (ಎಂಜಿನ್ ತಳದ ಆಯಿಲ್ ತಟ್ಟೆ) ಕೆಳಗೆ ಪ್ಲಾಸ್ಟಿಕ್ ಗಾರ್ಡ್ ಇರೋ ಕಾರುಗಳಲ್ಲಿ ಹುಲ್ಲು ಅದರ ಮೇಲ್ಗಡೆ ಸೇರಿಕೊಳ್ಳುತ್ತೆ, ಬಗ್ಗಿ ನೋಡಿದ್ರೂ ಕಾಣಲ್ಲ. ಅಂಥದ್ದೇ ಹೆಚ್ಚು ಅಪಾಯ.

ಓಡುವಾಗ ಗಾಳಿ ಬಿಸಿಯನ್ನ ಹೊತ್ತೊಯ್ಯುತ್ತೆ. ನಿಂತ ಕೂಡಲೇ ಆ ಬಿಸಿ ಅಲ್ಲೇ ಕೂರುತ್ತೆ. ಹಾಗಾಗಿ ಬೆಂಕಿ ಕಾಣಿಸೋದು ಹುಲ್ಲಿನ ಮೇಲೆ ತೆವಳುವಾಗ, ಇಲ್ಲಾ ದಾಟಿ ನಿಲ್ಲಿಸಿದ ಮೊದಲ ಐದತ್ತು ನಿಮಿಷದಲ್ಲಿ.

ದಪ್ಪ ಎಷ್ಟು ಅಂದ್ರೆ: ಹಾಸಿನ ಮೇಲೆ ಮುಷ್ಟಿ ನಿಲ್ಲಿಸಿ ಒತ್ತಿ. ಮುಷ್ಟಿ ಮುಳುಗದೆ ನೆಲ ಸಿಕ್ಕಿದ್ರೆ, ಅಂದ್ರೆ ಸುಮಾರು 10 ಸೆಂ.ಮೀ. ಒಳಗೆ, ಹೋಗಬಹುದು. ಮುಷ್ಟಿ ಪೂರ್ತಿ ಹೂತು ಹೋದ್ರೆ ನಿಮ್ಮ 170 ಮಿ.ಮೀ. ಲೆಕ್ಕಕ್ಕೆ ಬರಲ್ಲ, ಯಾಕಂದ್ರೆ ಗಾಲಿ ಒತ್ತಿದಾಗ ನಡುವಿನ ಹುಲ್ಲು ಮೇಲಕ್ಕೆ ಉಬ್ಬುತ್ತೆ. ಆಗ ಒಕ್ಕಣೆ ಮಾಡೋರನ್ನ ಕೇಳಿ ಎರಡು ಗಾಲಿ ಜಾಡು ಬಿಡಿಸಿಕೊಳ್ಳಿ, ಕವೆಗೋಲಲ್ಲಿ ಎರಡು ನಿಮಿಷದ ಕೆಲಸ. ಬೆಳಿಗ್ಗೆ ಹೊಸದಾಗಿ ಹರವಿದ ಹುಲ್ಲು ಸಡಿಲವಾಗಿ ಎತ್ತರ ಇರುತ್ತೆ, ಸುತ್ತಿಕೊಳ್ಳೋದು ಆಗಲೇ ಜಾಸ್ತಿ. ಮಧ್ಯಾಹ್ನದ ಹೊತ್ತಿಗೆ ಲಾರಿ ಬಸ್ಸು ತುಳಿದು ಕೂತಿರುತ್ತೆ.

ಹೋಗುವಾಗ ಸೆಕೆಂಡ್ ಗೇರ್, ಗಂಟೆಗೆ 10–15 ಕಿ.ಮೀ., ಆಕ್ಸಿಲರೇಟರ್ ಒಂದೇ ಸಮ. ಮುಂದಿನ ಗಾಡಿ ಹಾಸು ಪೂರ್ತಿ ದಾಟೋವರೆಗೂ ನೀವು ಹತ್ತಬೇಡಿ. ಬೈಕಿನವನು ನಡುವೆ ನಿಲ್ಲಿಸಿದ್ರೆ ನೀವೂ ಹುಲ್ಲಿನ ಮೇಲೇ ನಿಲ್ಲಬೇಕಾಗುತ್ತೆ, ಅದೇ ಆಗಬಾರದು. ಹಿಂದಿನವನ ಹಾರ್ನ್ ಕಿವಿಗೆ ಹಾಕಿಕೊಳ್ಳೋದು ಬೇಡ. ಸ್ಟೇರಿಂಗ್ ಆದಷ್ಟು ನೇರ ಇರಲಿ. ಗಾಲಿ ಗಿರ್ರನೆ ಅಲ್ಲೇ ತಿರುಗಿದ್ರೆ ಬಳ್ಳಿ ಕ್ಷಣದಲ್ಲಿ ಸುತ್ತಿಕೊಳ್ಳುತ್ತೆ.

ದಾಟಿ 200–300 ಮೀಟರ್ ಹೋದ ಮೇಲೆ ಬರಿ ಟಾರು ಇರೋ ಕಡೆ ನಿಲ್ಲಿಸಿ, ರಸ್ತೆ ಪಕ್ಕದ ಒಣ ಹುಲ್ಲಿನ ಮೇಲೆ ಅಲ್ಲ. ಎಂಜಿನ್ ಆಫ್, ಹ್ಯಾಂಡ್ ಬ್ರೇಕ್. ಮೊಬೈಲ್ ಟಾರ್ಚ್ ಹಿಡಿದು ಮುಂದಿನ ಎರಡೂ ಗಾಲಿಯ ಒಳಬದಿ, ಶಾಫ್ಟ್, ಸೈಲೆನ್ಸರ್ ಪೈಪ್ ಉದ್ದಕ್ಕೂ ನೋಡಿ. ಸ್ವಲ್ಪ ಇದ್ದರೆ ಕೈಯಲ್ಲೇ ಎಳೆದು ತೆಗೀಬಹುದು, ಪೈಪಿಗೆ ಕೈ ತಾಗದಂತೆ. ಬಿಗಿಯಾಗಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಶಾಫ್ಟಿನ ಉದ್ದಕ್ಕೆ ಕೊಯ್ಯಿರಿ, ಬೂಟಿನ ಮೇಲೆ ಬ್ಲೇಡ್ ಆಡಿಸಬೇಡಿ. ಜಾಕಿ ಹಾಕಿ ಕಾರಿನಡಿ ತಲೆ ತೂರಿಸೋದು ಬೇಡವೇ ಬೇಡ. ಸ್ಟೇರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿದ್ರೆ ಗಾಲಿ ಹಿಂದೆ ಕೈ ಹೋಗುವಷ್ಟು ಜಾಗ ಸಿಗುತ್ತೆ. ಗ್ರಿಲ್ಲಿಗೂ ಒಮ್ಮೆ ಕಣ್ಣಾಡಿಸಿ. ತೂರೋ ಜಾಗದಲ್ಲಿ ಹಾದು ಬಂದಿದ್ದರೆ ಎ.ಸಿ. ಕಂಡೆನ್ಸರ್ ಮುಖಕ್ಕೆ ಹೊಟ್ಟು ಮೆತ್ತಿಕೊಂಡು ಟೆಂಪರೇಚರ್ ಮುಳ್ಳು ಏರುತ್ತೆ.

ಬೊಲೆರೊ ಥರದ ಹಿಂದಿನ ಗಾಲಿ ಎಳೆಯೋ ಗಾಡಿಗಳಲ್ಲಿ ಉದ್ದದ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯ ಕೀಲು) ಹತ್ತಿರ ನೋಡಿ. ಎತ್ತರ ಇದೆ ಅಂತ ಅವರು ಧೈರ್ಯವಾಗಿ ನುಗ್ತಾರೆ, ಶಾಫ್ಟ್ ಮಾತ್ರ ಅಲ್ಲೂ ತಿರುಗ್ತಾನೇ ಇರುತ್ತೆ.

ಎರಡು_ಗಾಲಿ

ಬೈಕಿನವರನ್ನ ಬೈಯೋಕೆ ಮುಂಚೆ ಒಂದು ಮಾತು. ನಡುವೆ ನಿಲ್ಲಿಸೋದು ಬೇಕಂತ ಅಲ್ಲ, ಮುಂದಿನ ಗಾಲಿ ಜಾರಿದ ಭಯಕ್ಕೆ. ಆದರೂ ತಪ್ಪೇ ಅನ್ನಿ. ಹುಲ್ಲಿನ ಮೇಲೆ ಟೈರಿಗೆ ಟಾರು ಸಿಗೋದೇ ಇಲ್ಲ, ಮುಂದಿನ ಬ್ರೇಕ್ ಮುಟ್ಟಿದ್ರೆ ಗಾಡಿ ಮಲಗುತ್ತೆ. ಎಬಿಎಸ್ ಇದೆ ಅಂತ ನಂಬಬೇಡಿ. ಗಾಲಿ ಲಾಕ್ ಆಗದ ಹಾಗೆ ಅದು ನೋಡ್ಕೊಳ್ಳುತ್ತೆ, ನಿಲ್ಲೋಕೆ ಬೇಕಾದ ಹಿಡಿತವನ್ನ ಎಲ್ಲಿಂದ ತರುತ್ತೆ? ಹಾಸು ಶುರುವಾಗೋಕೆ ಮುಂಚೆಯೇ ಇಪ್ಪತ್ತಕ್ಕೆ ಇಳಿಸಿ, ಸೆಕೆಂಡ್ ಗೇರಲ್ಲಿ ಕ್ಲಚ್ ಮುಟ್ಟದೆ ನೆಟ್ಟಗೆ ದಾಟಿ. ತಿರುವಲ್ಲಿ ಹಾಸಿದ್ದರೆ ಇಳಿದು ತಳ್ಳೋದೇ ಒಳ್ಳೇದು, ಹಿಂದೆ ಕೂತವರನ್ನ ಮೊದಲೇ ಇಳಿಸಿ.

ಹುಲ್ಲಿಗಿಂತ ಮೋಸದ್ದು ಮೆಕ್ಕೆಜೋಳ. ದಾವಣಗೆರೆ ಸುತ್ತ ಸರ್ವಿಸ್ ರಸ್ತೆಗಳಲ್ಲಿ ಒಣಹಾಕಿದ ಕಾಳು ಅಂಚಿನಿಂದ ಚೆಲ್ಲಿ ಟಾರಿನ ಮೇಲೆ ಉರುಳಾಡ್ತಿರುತ್ತೆ. ದೂರದಿಂದ ಕಾಣಲ್ಲ, ಟೈರಿಗೆ ಸಿಕ್ಕಾಗಲೇ ಗೊತ್ತಾಗೋದು. ಚೈನ್ ಗಾಡಿಯಾದ್ರೆ ದಾಟಿದ ಮೇಲೆ ಹಿಂದಿನ ಸ್ಪ್ರಾಕೆಟ್ ಬುಡದಲ್ಲಿ ಬಳ್ಳಿ ಸಿಕ್ಕಿದೆಯಾ ನೋಡಿ, ಎಂಜಿನ್ ಆಫ್ ಮಾಡಿ. ಓಡ್ತಾ ಇರೋ ಚೈನಿಗೆ ಕೈ ಹಾಕಿ ಬೆರಳು ಕಳ್ಕೊಳ್ಳಬೇಡಿ.

ಹೊಲದ_ಬದು

ಗಾಡಿಯವರ ಸಿಟ್ಟು ನ್ಯಾಯವಾಗೇ ಐತೆ. ನಮ್ಮ ಕಡೆದೂ ಸ್ವಲ್ಪ ಕೇಳ್ರಿ. ಕಣ ಅಂದ್ರೆ ಸುಮ್ನೆ ಬಯಲಲ್ಲ. ನೆಲ ಕೆತ್ತಿ, ನೀರು ಹೊಡೆದು, ರೋಣಗಲ್ಲು ಎಳೆದು ಗಟ್ಟಿ ಮಾಡಿ, ಸಗಣಿ ಸಾರಿಸ್ಬೇಕು. ಆಮೇಲೆ ತುಳಿಸಾಕೆ ಎತ್ತು ಬೇಕು. ಈಗ ಊರಲ್ಲಿ ಎತ್ತೇ ಇಲ್ಲ. ಎರಡು ಎಕ್ರೆ ಹುರುಳಿಗೆ ಅಂತ ಒಕ್ಕೋ ಮಿಷನ್ ಬರಲ್ಲ, ಬಂದ್ರೂ ಬಾಡಿಗೆ ಕೊಟ್ಟು ಉಳಿಯೋದು ಹೊಟ್ಟು. ರಸ್ತೆ ಮ್ಯಾಲೆ ಹರವಿದ್ರೆ ಬಸ್ಸು ಲಾರಿಯೋರು ಪುಕ್ಸಟ್ಟೆ ಒಕ್ಕಿ ಕೊಡ್ತಾರೆ.

ಹಂಗಂತ ಮಾಡೋದೆಲ್ಲ ಸರಿ ಅಂತಲ್ಲ. ಎರಡೂ ಬದಿಗೆ ಹರವೋದು ತಪ್ಪು. ತಿರುವಿನಾಗೆ, ಇಳಿಜಾರಿನಾಗೆ ಹರವೋದು ಇನ್ನೂ ತಪ್ಪು. ಒಂದೇ ಬದಿಗೆ, ಗೇಣಿಗಿಂತ ಬಹಳ ಕಮ್ಮಿ ದಪ್ಪಕ್ಕೆ, ಹಿಂದೆ ಮುಂದೆ ಐವತ್ತು ಹೆಜ್ಜೆ ದೂರದಾಗೆ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನಿಲ್ಸಿದ್ರೆ ಯಾರೂ ಬೈಯಲ್ಲ. ಹೊತ್ತು ಮುಳುಗಾಕೆ ಮುಂಚೆ ಎಲ್ಲಾ ಬಾಚಿ ಬದಿಗೆ ಹಾಕ್ಬೇಕು. ಕಾಳಿಗೂ ಟಾರು ಒಳ್ಳೇದಲ್ಲ, ಕಲ್ಲು ಮರಳು ಸೇರುತ್ತೆ, ಮಾರಾಕೆ ಹೋದಾಗ ರಾಗಿ ನೋಡ್ದೋನು ಮೊದ್ಲು ಹೇಳೋದೇ ಅದು. ಮೆಕ್ಕೆಜೋಳದ ಕಥೆ ಬ್ಯಾರೆ, ಅದು ಒಕ್ಕಣೆ ಅಲ್ಲ, ಬರೀ ಒಣಗ್ಸೋದು. ತೇವ 14 ಪರ್ಸೆಂಟಿಗೆ ಇಳೀದೆ ಇದ್ರೆ ರೇಟು ಕುಯ್ತಾರೆ, ಅದಕ್ಕೆ ಬಿಸಿ ಟಾರು ಹುಡುಕ್ತಾರೆ. ತಾಡಪಾಲು ರೈತ ಸಂಪರ್ಕ ಕೇಂದ್ರದಾಗೆ ಸಬ್ಸಿಡಿಗೆ ಸಿಗುತ್ತೆ. ಒಕ್ಕೋ ಮಿಷನ್ ಬೇಕಿದ್ರೆ ಹೋಬಳಿ ಕಡೆ ಕೃಷಿ ಯಂತ್ರಧಾರೆ ಕೇಂದ್ರ ಐತೆ, 2014ರಿಂದ ಬಾಡಿಗೆಗೆ ಕೊಡ್ತಾ ಅವ್ರೆ. ನಾಕು ಜನ ಒಟ್ಟಿಗೆ ಸೇರಿ ಕರೆಸಿದ್ರೆ ಬಾಡಿಗೆ ಹಂಚಿಕೊಳ್ಬೋದು.

ಇನ್ನೊಂದು. ಜಾಡು ಬಿಡ್ರಿ ಅಂತ ಕಾರಿನೋರು ಇಳಿದು ಬಂದು ಕೇಳಿದ್ರೆ ಯಾವ ರೈತನೂ ಇಲ್ಲ ಅನ್ನಲ್ಲ. ಒಳಗೇ ಕೂತು ಹಾರ್ನ್ ಹೊಡೆದ್ರೆ ಮಾತ್ರ ಅಮ್ಮಾರು ಕವೆಗೋಲು ಕೆಳಗಿಟ್ಟು ಸುಮ್ನೆ ನೋಡ್ತಾ ನಿಲ್ತಾರೆ.

ರಾತ್ರಿ_ಪಾಳಿ

ರಾತ್ರಿ ಹುಲ್ಲಿಗಿಂತ ಕಲ್ಲಿನ ಕಾಟ. ರಾಶಿಗೆ ತಾಡಪಾಲು ಮುಚ್ಚಿ ಸುತ್ತ ದಪ್ಪ ಕಲ್ಲು, ಕೆಲವು ಕಡೆ ಜಾಲಿ ಮುಳ್ಳಿನ ಕೊಂಬೆ ಇಟ್ಟಿರ್ತಾರೆ. ರಾಶಿ ಎತ್ತಿಕೊಂಡು ಹೋಗ್ತಾರೆ, ಕಲ್ಲು ಅಲ್ಲೇ ಉಳಿಯುತ್ತೆ. ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಂಡು ಬ್ರೇಕ್ ಒತ್ತೋಕೆ ಒಂದೂವರೆ ಸೆಕೆಂಡ್, ಆಮೇಲೆ ನಿಲ್ಲೋ ದೂರ, ಎಲ್ಲ ಸೇರಿ 45 ಮೀಟರ್ ಹತ್ತಿರ. ಲೋ ಬೀಮಿನಲ್ಲಿ ಬಣ್ಣಗೆಟ್ಟ ತಾಡಪಾಲು ಅಷ್ಟು ದೂರದಿಂದ ಕಾಣೋದು ಕಷ್ಟ. ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆಯಲ್ಲಿ ರಾತ್ರಿ ನಲವತ್ತೇ ಜಾಸ್ತಿ.

ಅದರ ಮೇಲೆ ಎದುರಿನವನ ಹೈ ಬೀಮ್. ಹ್ಯಾಲೋಜನ್ ಬಲ್ಬಿಗೆ ಅಂತ ಮಾಡಿದ ರಿಫ್ಲೆಕ್ಟರಿಗೆ ಅಂಗಡಿಯಲ್ಲಿ ಎಲ್‌ಇಡಿ ಹಾಕಿಸಿಕೊಂಡಿರ್ತಾರೆ. ಬೆಳಕು ಹುಟ್ಟೋ ಜಾಗ ಒಂದೆರಡು ಮಿ.ಮೀ. ಆಚೀಚೆ ಆದ್ರೂ ಲೋ ಬೀಮ್ ಕೂಡ ನೇರ ಕಣ್ಣಿಗೇ ಹೊಡೆಯುತ್ತೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಇಂಥ ಲೈಟುಗಳ ಮೇಲೆ ಕೇಸು ಹಾಕೋಕೆ ಶುರು ಮಾಡಿದ್ರು, ಆದ್ರೆ ಒಳರಸ್ತೆಯಲ್ಲಿ ಹಿಡಿಯೋರು ಯಾರು? ಕಣ್ಣು ಕುಕ್ಕಿದಾಗ ವೇಗ ಇಳಿಸಿ ಎಡಗಡೆ ಅಂಚು ನೋಡ್ತಾ ಹೋಗಿ. ರಾಶಿ ಇರೋದೂ ಆ ಅಂಚಿನಲ್ಲೇ, ಹಾಗಾಗಿ ಇಳಿಸೋದು ಅಂದ್ರೆ ನಿಜವಾಗಿ ಇಳಿಸಬೇಕು.

ಟ್ಯೂಬ್‌ಲೆಸ್ ಟೈರಿಗೆ ಜಾಲಿ ಮುಳ್ಳು ಚುಚ್ಚಿದ್ರೆ ಅಲ್ಲೇ ಕೀಳಬೇಡಿ. ಮುಳ್ಳು ಒಳಗಿದ್ದಷ್ಟು ಹೊತ್ತು ಗಾಳಿ ನಿಧಾನವಾಗಿ ಇಳಿಯುತ್ತೆ, ಪಂಕ್ಚರ್ ಅಂಗಡಿ ತನಕ ಹೋಗಬಹುದು.

ದೂರಿನ ವಿಷಯ: ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆ 285ನೇ ಸೆಕ್ಷನ್ ಪ್ರಕಾರ 5,000 ರೂ. ತನಕ ದಂಡ ಇದೆ. ರಾಷ್ಟ್ರೀಯ ಹೆದ್ದಾರಿ ಮೇಲೆ ಕಲ್ಲೋ ರಾಶಿಯೋ ಕಂಡರೆ 1033ಕ್ಕೆ ಹೇಳಿ, ಉಳಿದ ರಸ್ತೆಗೆ 112. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ ಆಗಿದ್ದರೆ ಸುಟ್ಟ ಕಾರಿಗೆ ಒಂದು ಪೈಸೆ ಬರಲ್ಲ. ಕಾಂಪ್ರಹೆನ್ಸಿವ್ ಆಗಿದ್ದರೆ ಬೆಂಕಿ ಅದರಲ್ಲೇ ಸೇರಿರುತ್ತೆ. ಅಗ್ನಿಶಾಮಕದವರ ವರದಿ, ಪೊಲೀಸ್ ದೂರಿನ ಪ್ರತಿ, ಜಾಗದ ಫೋಟೋ ಇಟ್ಟುಕೊಂಡು ಆವತ್ತೇ ಕಂಪನಿಗೆ ತಿಳಿಸಿ.

ದುರ್ಗದ_ದಾರಿ

ಎಲ್ಲರಿಗೂ ಥ್ಯಾಂಕ್ಸ್. ಗ್ರೀಸ್ ಅಣ್ಣ, ಎರಡು ಉಳಿದವು. ಹೊಗೆ ಕಂಡೇಬಿಟ್ಟರೆ ಏನು ಮಾಡೋದು? ಮತ್ತೆ ಮನೇಲಿ ಇನ್ನೊಂದು ಬಿಎಸ್ 6 ಡೀಸೆಲ್ ಗಾಡಿ ಇದೆ, ಅದಕ್ಕೆ ಬೇರೆ ಏನಾದ್ರೂ ಇದೆಯಾ?

ಗ್ರೀಸ್_ಕೈ

ಹೊಗೆ ಅಥವಾ ಸುಟ್ಟ ವಾಸನೆ ಬಂದಾಗ, ಗಾಳಿಗೆ ಆರಿಹೋಗಲಿ ಅಂತ ಜೋರಾಗಿ ಓಡಿಸಬೇಡಿ. ಗಾಳಿ ಸಿಕ್ಕಿದ್ರೆ ಹೊತ್ತಿಕೊಳ್ಳುತ್ತೆ. ಹುಲ್ಲಿನ ಮೇಲಿದ್ದರೆ ಮಾತ್ರ ಬರಿ ಟಾರು ಸಿಗೋವರೆಗೆ ಹೋಗಿ. ಎಂಜಿನ್ ಆಫ್ ಮಾಡಿ ಮೊದಲು ಎಲ್ಲರನ್ನೂ ಇಳಿಸಿ, ಮಕ್ಕಳಿದ್ದರೆ ಕಾರಿಂದ ದೂರ ಕಳಿಸಿ. ಬಾನೆಟ್ ಪೂರ್ತಿ ಎತ್ತಬೇಡಿ, ಒಳಗಿನ ಲೀವರ್ ಎಳೆದು ಸಂದಿ ಬಿಡುವಷ್ಟೇ. ಬರೀ ಹುಲ್ಲು ಉರೀತಿದ್ದರೆ ನೀರು ಹಾಕಬಹುದು, ಒಕ್ಕಣೆ ಜಾಗದಲ್ಲಿ ಬಿಂದಿಗೆ ನೀರು ಇದ್ದೇ ಇರುತ್ತೆ. ಬಿಸಿ ಕನ್ವರ್ಟರ್ ಮೇಲೆ ನೀರು ಬಿದ್ದರೆ ಒಳಗಿನ ಸೆರಾಮಿಕ್ ಬಿರುಕು ಬಿಡಬಹುದು, ಬಿಟ್ಟರೆ ಬಿಡಲಿ. ಡ್ರೈವರ್ ಸೀಟಿನ ಕೆಳಗೆ ಒಂದು ಕೆ.ಜಿ.ಯ ಎಬಿಸಿ ಪೌಡರ್ ಸಿಲಿಂಡರ್ (ಬೆಂಕಿ ಆರಿಸೋದು) ಇಟ್ಟುಕೊಳ್ಳಿ, ಮೀಟರ್ ಮುಳ್ಳು ಹಸಿರಲ್ಲಿರಬೇಕು. ಉರಿಯ ತುದಿಗಲ್ಲ, ಬುಡಕ್ಕೆ ಹೊಡೀರಿ. ಕೆಲವೇ ಸೆಕೆಂಡಿಗೆ ಖಾಲಿಯಾಗುತ್ತೆ. ಅಷ್ಟಕ್ಕೂ ಆರದಿದ್ದರೆ ದೂರ ಸರಿದು 112ಕ್ಕೆ ಫೋನ್ ಮಾಡಿ. ಸಿಎನ್‌ಜಿ ಗಾಡಿಯಾದರೆ ಆರಿಸೋ ಪ್ರಯತ್ನಕ್ಕಿಂತ ದೂರ ಹೋಗೋದು ಮುಖ್ಯ.

ಡೀಸೆಲ್ಲಿಗೆ ಇನ್ನಷ್ಟು ಹುಷಾರು. ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಅದರೊಳಗೆ ಮಸಿ ತುಂಬಿದಾಗ ಗಾಡಿ ತಾನೇ ಅದನ್ನ ಸುಟ್ಟುಕೊಳ್ಳುತ್ತೆ, ಆಗ ಒಳಗಿನ ಬಿಸಿ 600 ಡಿಗ್ರಿ ಹತ್ತಿರ. ನಿಂತಾಗ ಐಡ್ಲಿಂಗ್ ಸ್ವಲ್ಪ ಏರಿರುತ್ತೆ, ಫ್ಯಾನ್ ಬಿಡದೆ ತಿರುಗುತ್ತೆ, ಸ್ಕ್ರೀನಲ್ಲಿ ಮೈಲೇಜ್ ಇದ್ದಕ್ಕಿದ್ದಂತೆ ಬಿದ್ದಿರುತ್ತೆ. ಈ ಗುರುತು ಕಂಡಾಗ ಹುಲ್ಲಿನ ಮೇಲೆ ಹತ್ತಿಸಬೇಡಿ. ಹೆದ್ದಾರಿಯಲ್ಲಿ 60ಕ್ಕಿಂತ ಮೇಲೆ ಒಂದೇ ವೇಗದಲ್ಲಿ 15–20 ನಿಮಿಷ ಓಡಿಸಿದ್ರೆ ಸುಡೋದು ಮುಗಿಯುತ್ತೆ, ಆಮೇಲೆ ಹಳ್ಳಿ ರಸ್ತೆಗೆ ಇಳಿಸಿ.