ನಾಲ್ಕು ಮರಿ ಹೊರಬಂದ ಮೇಲೆ ಹೇಂಟೆ ಗೂಡು ಬಿಟ್ಟು ಎದ್ದಿದೆ, ಉಳಿದ ಮೊಟ್ಟೆಗಳಿಗೆ ಏನು ಮಾಡಲಿ?

ಹಿತ್ತಲಗೂಡು:

ನಮಸ್ಕಾರ. ತುರ್ತಾಗಿ ಸಲಹೆ ಬೇಕಾಗಿದೆ. ನಮ್ಮ ಕರಿ ಹೇಂಟೆಯನ್ನು ಹನ್ನೆರಡು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದ್ದೆವು. ಸರಿಯಾಗಿ 21ನೇ ದಿನ ಎರಡು ಮರಿ ಹೊರಬಂದವು, ಮರುದಿನ ಇನ್ನೆರಡು. ಇವತ್ತು ಬೆಳಿಗ್ಗೆ ನೋಡಿದರೆ ಹೇಂಟೆ ನಾಲ್ಕೂ ಮರಿಗಳನ್ನು ಕರೆದುಕೊಂಡು ಹಿತ್ತಲಲ್ಲಿ ನೆಲ ಕೆದರುತ್ತಿದೆ. ಗೂಡಿನಲ್ಲಿ ಹತ್ತು ಮೊಟ್ಟೆಗಳು ಹಾಗೆಯೇ ಉಳಿದಿವೆ. ಹೇಂಟೆಯನ್ನು ಹಿಡಿದು ತಂದು ಕೂರಿಸಿದರೆ, ಹೊರಗೆ ಮರಿಗಳು ಕೂಗಿದ ಕೂಡಲೇ ಎದ್ದು ಓಡುತ್ತದೆ. ಮೊಟ್ಟೆಗಳನ್ನು ಮುಟ್ಟಿದರೆ ಇನ್ನೂ ಸ್ವಲ್ಪ ಬೆಚ್ಚಗಿವೆ. ಒಂದನ್ನು ಕಿವಿಯ ಹತ್ತಿರ ಹಿಡಿದಾಗ ಒಳಗಿನಿಂದ ಸಣ್ಣಗೆ ಬಡಿಯುವ ಸದ್ದು ಕೇಳಿಸಿತು. ಏನು ಮಾಡಲಿ?

ಕಾವುಬುಟ್ಟಿ:

ಸದ್ದು ಬರುತ್ತಿರುವ ಮೊಟ್ಟೆಯಲ್ಲಿ ಮರಿ ಜೀವಂತವಾಗಿದೆ. ದಪ್ಪ ತುದಿಯಲ್ಲಿರುವ ಗಾಳಿಯ ಜಾಗಕ್ಕೆ ಕೊಕ್ಕು ತೂರಿಸಿ ಉಸಿರಾಡಲು ಶುರು ಮಾಡಿರುತ್ತದೆ. ಮೊದಲು ಮೊಟ್ಟೆಗಳನ್ನು ಬೆಚ್ಚಗಿಡಿ, ಉಳಿದದ್ದನ್ನು ಆಮೇಲೆ ಮಾತಾಡೋಣ.

ಕಾವು ಕೂತ ಬೇರೆ ಹೇಂಟೆ ಇದ್ದರೆ ಈಗಲೇ ಅದರ ಹೊಟ್ಟೆಯಡಿ ಸೇರಿಸಿ. ಇಲ್ಲವಾದರೆ ಮರಿ ಮಾಡಿಸುವ ಯಂತ್ರ. ಅದೂ ಇಲ್ಲವೆಂದರೆ ರಟ್ಟಿನ ಪೆಟ್ಟಿಗೆಯಲ್ಲಿ ಹೊಟ್ಟು ಹರಡಿ, ಮೇಲೆ ಬಲ್ಬ್ ಇಳಿಬಿಡಿ. ಬಲ್ಬ್ ರಟ್ಟಿಗಾಗಲಿ ಬಟ್ಟೆಗಾಗಲಿ ತಾಗದಂತೆ ಗಟ್ಟಿಯಾಗಿ ಕಟ್ಟಿ, ಬೆಂಕಿಯ ಅಪಾಯವಿದೆ. ಮೊಟ್ಟೆಗಳ ಮಟ್ಟದಲ್ಲೇ ತಾಪಮಾಪಕ ಇಟ್ಟು 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರಿಸಿ. ಪಕ್ಕದಲ್ಲೊಂದು ಬಟ್ಟಲು ನೀರಿಡಿ. ಒಡೆಯುವ ಹೊತ್ತಿನಲ್ಲಿ ಗಾಳಿ ಒಣಗಿದ್ದರೆ ಚಿಪ್ಪಿನೊಳಗಿನ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ.

ಕರಿ ಹೇಂಟೆಯನ್ನು ಬಲವಂತವಾಗಿ ಕೂರಿಸಬೇಡಿ. ಅದು ಮಾಡುತ್ತಿರುವುದು ಸರಿಯಾಗಿಯೇ ಇದೆ. ಮರಿ ಚಿಪ್ಪು ಒಡೆಯುವ ಮುನ್ನ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಅದರ ಬಲದ ಮೇಲೆ ಎರಡು ಮೂರು ದಿನ ಮೇವು, ನೀರು ಇಲ್ಲದೆ ತಡೆದುಕೊಳ್ಳಬಲ್ಲದು. ತಾಯಿ ಕಾಯುವುದೂ ಹೆಚ್ಚೆಂದರೆ ಅಷ್ಟೇ ಹೊತ್ತು. ಆಮೇಲೆ ಹೊರಬಂದ ಮರಿಗಳನ್ನು ಮೇವಿಗೆ ಕರೆದೊಯ್ಯುವುದೇ ಅದಕ್ಕೆ ಮುಖ್ಯ.

ಚಿಪ್ಪಿನಲ್ಲಿ ತೂತು ಬಿದ್ದಿದ್ದರೂ ನೀವಾಗಿ ಒಡೆಯಲು ಹೋಗಬೇಡಿ. ಮೊದಲ ತೂತಿನಿಂದ ಮರಿ ಹೊರಬರುವವರೆಗೆ 12ರಿಂದ 24 ಗಂಟೆ ಹಿಡಿಯುವುದು ಸಹಜ. ಆ ಹೊತ್ತಿನಲ್ಲಿ ಪೊರೆಯ ನಾಳಗಳಲ್ಲಿನ ರಕ್ತ ಮರಿಯ ಮೈ ಸೇರುತ್ತಿರುತ್ತದೆ. ಅವಸರದಿಂದ ಚಿಪ್ಪು ಸುಲಿದರೆ ರಕ್ತ ಸೋರಿ ಸಾಯುತ್ತದೆ.

ಇನ್ನೊಂದು ಮಾತು. ಹನ್ನೆರಡರಲ್ಲಿ ನಾಲ್ಕು ಮರಿಯಾದರೆ ಉಳಿಯಬೇಕಾದದ್ದು ಎಂಟು. ನೀವು ಹತ್ತು ಎಂದು ಬರೆದಿದ್ದೀರಿ. ಇನ್ನೊಮ್ಮೆ ಎಣಿಸಿ ನೋಡುತ್ತೀರಾ?

ಹಿತ್ತಲಗೂಡು:

ತುಂಬ ಉಪಕಾರವಾಯಿತು. ನಮ್ಮ ಕೆಂಪು ಹೇಂಟೆಯೂ ಎರಡು ಮೂರು ದಿನದಿಂದ ಮೊಟ್ಟೆ ಇಡುವ ಬುಟ್ಟಿ ಬಿಟ್ಟು ಏಳುತ್ತಿರಲಿಲ್ಲ, ಕೈ ಹಾಕಿದರೆ ಮೈ ಉಬ್ಬಿಸಿ ಕುಕ್ಕಲು ಬರುತ್ತಿತ್ತು. ಟಾರ್ಚ್ ಹಿಡಿದು ನೋಡಿದಾಗ ಮೂರು ಮೊಟ್ಟೆಗಳಲ್ಲಿ ಅಲುಗಾಟ ಕಂಡಿತು. ಆ ಮೂರನ್ನು ಅದರ ಅಡಿಯಲ್ಲಿ ಇಟ್ಟೆವು. ರಾತ್ರಿ ಕಳೆಯುವಷ್ಟರಲ್ಲಿ ಒಂದು ಮರಿ, ಮರುದಿನ ಸಂಜೆ ಇನ್ನೊಂದು ಹೊರಬಂದಿದೆ. ಮೂರನೆಯದು ಒಡೆಯಲೇ ಇಲ್ಲ, ಈಗ ಅಲುಗಾಟವೂ ನಿಂತಿದೆ.

ಎಣಿಕೆ ಮತ್ತೆ ನೋಡಿದೆ, ಹತ್ತೇ ಇದ್ದವು. ಕಾವುಗೂಡು ಉಳಿದ ಕೋಳಿಗಳು ಓಡಾಡುವ ಕೋಣೆಯಲ್ಲೇ ಇದೆ. ಉಳಿದ ಏಳು ಮೊಟ್ಟೆಗಳಲ್ಲಿ ಜೀವವಿಲ್ಲ ಎನಿಸುತ್ತದೆ. ಬಿಸಾಡುವುದೇ?

ಕಾವುಬುಟ್ಟಿ:

ಎರಡು ಮರಿ ಉಳಿದದ್ದು ನಿಜಕ್ಕೂ ಸಂತೋಷ. ಉಳಿದವನ್ನು ಬಿಸಾಡುವ ಮೊದಲು ಒಡೆದು ನೋಡಿ. ಮರಿಯಾಗದೆ ಉಳಿದ ಮೊಟ್ಟೆ ಏನು ಕೆಟ್ಟಿತೆಂದು ತಾನೇ ಹೇಳುತ್ತದೆ. ಇದನ್ನು ಮಾಡದೆ ಮತ್ತೆ ಕಾವಿಗೆ ಕೂರಿಸುವವರೇ ಹೆಚ್ಚು, ಅದೇ ನಷ್ಟ ಮತ್ತೆ ಮತ್ತೆ ಆಗುವುದೂ ಅದರಿಂದಲೇ.

ಮನೆಯೊಳಗೆ ಬೇಡ, ಬಯಲಿನಲ್ಲಿ ಕೈಗವಸು ಹಾಕಿಕೊಂಡು ಮಾಡಿ. ಕೆಟ್ಟ ವಾಸನೆ ಬರುವ ಅಥವಾ ಚಿಪ್ಪಿನ ಮೇಲೆ ಅಂಟು ಜಿನುಗುವ ಮೊಟ್ಟೆ ಒಳಗಿನ ಅನಿಲದ ಒತ್ತಡಕ್ಕೆ ಸಿಡಿಯಬಹುದು. ಅದನ್ನು ಒಡೆಯದೆ ಹಾಗೆಯೇ ಹೂತುಬಿಡಿ. ಉಳಿದವನ್ನು ದಪ್ಪ ತುದಿಯಿಂದ ಮೆಲ್ಲಗೆ ಬಿಡಿಸಿ. ಮರಿಯ ಕಣ್ಣು ಕಾಣುತ್ತದೆಯೇ, ಮೈಮೇಲೆ ನವಿರು ಬಂದಿದೆಯೇ, ಹಳದಿ ಹೊಟ್ಟೆಯ ಹೊರಗಿದೆಯೇ ಒಳಗೋ, ಇಷ್ಟನ್ನು ಒಂದೊಂದಕ್ಕೂ ಬರೆದಿಟ್ಟು ತಿಳಿಸಿ.

ಕಾಳುಕಡ್ಡಿ:

ನಡುವೆ ಮಾತಾಡುತ್ತಿದ್ದೇನೆ, ಕ್ಷಮಿಸಿ. ಮೊಟ್ಟೆ ನೋಡುವ ಜೊತೆಗೆ ಹೇಂಟೆಯ ಮೈಯನ್ನೂ ನೋಡಿ. ಕಾವಿಗೆ ಕೂತ ಕೋಳಿಗೆ ಮಣ್ಣಿನಲ್ಲಿ ಹೊರಳಾಡುವುದಕ್ಕೆ ಬಿಡುವು ಕಡಿಮೆ, ಹೇನು ಬೇಗ ಹೆಚ್ಚುತ್ತದೆ. ಹಗಲಲ್ಲಿ ಗೂಡಿನ ಸಂದಿಗಳಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವ ಕೆಂಪು ನುಸಿ ಇದಕ್ಕಿಂತ ಕೆಟ್ಟದ್ದು. ಅದರ ಕಾಟ ತಾಳಲಾರದೆ ಹೇಂಟೆ ರಾತ್ರಿಯಲ್ಲಿ ಗೂಡು ಬಿಟ್ಟೇಳುತ್ತದೆ, ಮೊಟ್ಟೆ ತಣ್ಣಗಾಗುತ್ತದೆ, ಬೆಳಿಗ್ಗೆ ನಮಗೇನೂ ಕಾಣುವುದಿಲ್ಲ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಬುಟ್ಟಿಯ ಅಡಿ, ಹಲಗೆಗಳ ಸಂದು ಪರೀಕ್ಷಿಸಿ. ಬಿಳಿ ಬಟ್ಟೆಯಿಂದ ಒರೆಸಿದಾಗ ಕೆಂಪು ಕಲೆಯಾದರೆ ನುಸಿ ಇದೆ ಎಂದೇ ಅರ್ಥ.

ಹಿತ್ತಲಗೂಡು:

ನೋಡಿದೆ. ಕಲೆ ಕಾಣಲಿಲ್ಲ. ಬಾಲದ ಕೆಳಗಿನ ಪುಕ್ಕಗಳ ಬುಡದಲ್ಲಿ ಮಾತ್ರ ಬಿಳಿಯ ಹೇನುಮೊಟ್ಟೆಗಳು ಗುಂಪಾಗಿ ಅಂಟಿಕೊಂಡಿವೆ.

ಒಂದು ಮೊಟ್ಟೆ ನಾರುತ್ತಿತ್ತು, ಅದನ್ನು ಹೂತೆ. ಎರಡರಲ್ಲಿ ಮರಿಯ ಸುಳಿವೇ ಇಲ್ಲ, ಬರೀ ಹಳದಿ. ಒಂದರಲ್ಲಿ ರಕ್ತನಾಳಗಳ ಬಲೆ, ನಡುವೆ ಕಪ್ಪು ಚುಕ್ಕೆಯಂಥ ಕಣ್ಣು. ಇನ್ನೊಂದರಲ್ಲಿ ಕೊಕ್ಕು, ಕಾಲು ಮೂಡಿವೆ, ಆದರೆ ಮೈ ಬೋಳು. ಉಳಿದೆರಡರಲ್ಲಿ ನವಿರು ಪೂರ್ತಿ ಬಂದಿದೆ, ಹಳದಿ ಇನ್ನೂ ಹೊರಗೇ ಇದೆ. ಕೆಂಪು ಹೇಂಟೆಯ ಅಡಿ ಉಳಿದಿದ್ದ ಮೊಟ್ಟೆಯೂ ಹಾಗೆಯೇ, ಹಳದಿ ಅರ್ಧ ಮಾತ್ರ ಒಳಗೆ ಹೋಗಿತ್ತು.

ಕಾವುಬುಟ್ಟಿ:

ಇಷ್ಟು ಚೆನ್ನಾಗಿ ಬರೆದರೆ ಉತ್ತರ ಹೇಳುವುದು ಸುಲಭ.

ಕಣ್ಣು ಮಾತ್ರ ಮೂಡಿದ ಮರಿ ಒಂದು ವಾರದೊಳಗಿನದು. ನವಿರು ಮೈ ತುಂಬುವುದು ಸುಮಾರು 13ನೇ ದಿನದ ಹೊತ್ತಿಗೆ, ಆದ್ದರಿಂದ ಬೋಳು ಮರಿ ಅದಕ್ಕಿಂತ ಚಿಕ್ಕದು. ಹಳದಿ ಹೊಟ್ಟೆಯೊಳಗೆ ಸೇರಿಕೊಳ್ಳುವುದು 19, 20ನೇ ದಿನಗಳಲ್ಲಿ. ನವಿರು ಬಂದು ಹಳದಿ ಹೊರಗಿದ್ದವು ಇನ್ನೂ ಆ ಹಂತಕ್ಕೆ ಬಂದಿರಲಿಲ್ಲ. ಒಂದೇ ದಿನ ಕಾವಿಗಿಟ್ಟ ಮೊಟ್ಟೆಗಳಿಗೆ ಒಮ್ಮೆ ಜೋರು ಚಳಿ ತಗುಲಿ ಸತ್ತಿದ್ದರೆ ಎಲ್ಲ ಮರಿಗಳೂ ಹೆಚ್ಚು ಕಡಿಮೆ ಒಂದೇ ಹಂತದಲ್ಲಿ ನಿಂತಿರಬೇಕಿತ್ತು. ನಿಮ್ಮಲ್ಲಿ ಒಂದೊಂದೂ ಒಂದೊಂದು ವಯಸ್ಸಿನದು. ಜೊತೆಗೆ ಲೆಕ್ಕಕ್ಕಿಂತ ಎರಡು ಮೊಟ್ಟೆ ಹೆಚ್ಚಿದೆ. ಎರಡನ್ನೂ ಕೂಡಿಸಿ ನೋಡಿದರೆ, ಕರಿ ಹೇಂಟೆ ಮೇವಿಗೆ ಎದ್ದಾಗಲೆಲ್ಲ ಬೇರೆ ಹೇಂಟೆಗಳು ಅದೇ ಗೂಡಿಗೆ ಬಂದು ಮೊಟ್ಟೆ ಇಟ್ಟಿವೆ. ಆ ನೂಕಾಟದಲ್ಲಿ ಮೊದಲಿನವು ಒಂದೆರಡು ಒಡೆದುಹೋಗಿರಲೂ ಸಾಕು. ಒಡೆದ ಮೊಟ್ಟೆಯನ್ನು ಕೋಳಿಗಳು ಚಿಪ್ಪಿನ ಸಮೇತ ತಿಂದು ಮುಗಿಸುತ್ತವೆ, ಹಾಗಾಗಿ ಎರಡಕ್ಕಿಂತ ಹೆಚ್ಚೇ ಸೇರಿರಬಹುದು.

ಹೇನಿನಿಂದ ಇಷ್ಟು ಬೇರೆ ಬೇರೆ ವಯಸ್ಸಿನ ಮರಿಗಳು ಆಗುವುದಿಲ್ಲ. ಆದರೂ ಕಾಳುಕಡ್ಡಿ ಅವರು ಹೇಳಿದ್ದನ್ನು ಬಿಡಬೇಡಿ. ಪಶುವೈದ್ಯರನ್ನು ಕೇಳಿ, ಮರಿಗಳಿರುವ ತಾಯಿಗೆ ಹೊಂದುವ ಪುಡಿಯನ್ನೇ ಹಾಕಿ, ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಾಕಿ. ಮೊದಲ ಸಲ ಸಾಯುವುದು ಹೇನು ಮಾತ್ರ, ಅದರ ಮೊಟ್ಟೆಗಳಲ್ಲ.

ಬರೀ ಹಳದಿ ಇದ್ದ ಎರಡು ಮೊಟ್ಟೆ ಗೊಡ್ಡು ಇರಬಹುದು, ಇಲ್ಲವೇ ಕೊನೆಗೆ ಬಂದು ಸೇರಿದವು. ಅಡುಗೆಗೆ ಒಡೆಯುವ ತಾಜಾ ಮೊಟ್ಟೆಗಳನ್ನು ಒಂದಷ್ಟು ದಿನ ಗಮನಿಸಿ. ಹಳದಿಯ ಮೇಲೆ ಬಿಳಿ ಚುಕ್ಕೆ ಎಲ್ಲ ಮೊಟ್ಟೆಯಲ್ಲೂ ಇರುತ್ತದೆ. ಅದು ಅಂಚು ಕಟ್ಟಿದ ದುಂಡು ಬಳೆಯ ಹಾಗೆ ಕಂಡರೆ ಫಲಿತ ಮೊಟ್ಟೆ. ಒತ್ತಾಗಿ, ಅಂಚು ಒರಟಾಗಿ ಕಂಡರೆ ಗೊಡ್ಡು. ಎಂಟು ಹತ್ತು ಹೇಂಟೆಗೆ ಒಂದು ಆರೋಗ್ಯವಂತ ಹುಂಜ ಸಾಕು.

ಮುಂದಿನ ಸಲ ಹೇಂಟೆ ಕಾವು ಬಂದಂತೆ ಕಂಡರೂ ಕೂಡಲೇ ಮೊಟ್ಟೆ ಕೊಡಬೇಡಿ. ರಾತ್ರಿ ಅದನ್ನು ಬೇರೆ ಕೋಣೆಗೆ, ಬೇರೆ ಬುಟ್ಟಿಗೆ ಸಾಗಿಸಿ ಬಾಗಿಲು ಹಾಕಿ. ಹಗಲಲ್ಲಿ ಸಾಗಿಸಿದರೆ ಹಳೆಯ ಜಾಗಕ್ಕೇ ಓಡುತ್ತದೆ. ಎರಡು ಮೂರು ದಿನ ಮರದ ಅಥವಾ ಪ್ಲಾಸ್ಟಿಕ್ಕಿನ ಸುಳ್ಳು ಮೊಟ್ಟೆಗಳ ಮೇಲೆ ಕೂರಲಿ. ಅಲ್ಲಾಡದೆ ಕೂತರೆ, ಇನ್ನೊಂದು ರಾತ್ರಿ ಅವನ್ನು ತೆಗೆದು ನಿಜವಾದವನ್ನು ಎಲ್ಲವನ್ನೂ ಒಟ್ಟಿಗೇ ಇಡಿ. ಇಡುವ ಮೊಟ್ಟೆಗಳು ಒಂದು ವಾರದೊಳಗಿನವಾಗಿರಲಿ. ಅಲ್ಲಿಯವರೆಗೆ ಚೂಪು ತುದಿ ಕೆಳಗಾಗಿ ತಂಪು ಜಾಗದಲ್ಲಿಡಿ, ಫ್ರಿಜ್ಜಿನಲ್ಲಿ ಬೇಡ. 13ರಿಂದ 18 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು, ಆ ತಂಪಿನಲ್ಲಿ ಮರಿಯ ಬೆಳವಣಿಗೆ ಶುರುವಾಗದೆ ತಡೆದಿರುತ್ತದೆ. ಎಷ್ಟು ಮೊಟ್ಟೆ ಎಂಬುದಕ್ಕೆ ಹೇಂಟೆಯ ಗಾತ್ರವೇ ಅಳತೆ. ರೆಕ್ಕೆ ಇಳಿಬಿಟ್ಟು ಕೂತಾಗ ಒಂದೂ ಮೊಟ್ಟೆ ಹೊರಗೆ ಇಣುಕಬಾರದು.

ಒಂದೊಂದಕ್ಕೂ ಪೆನ್ಸಿಲ್‌ನಲ್ಲಿ ಸುತ್ತಲೂ ಗೆರೆ ಎಳೆದಿಡಿ. ದಿನಕ್ಕೊಮ್ಮೆ ಹೇಂಟೆ ಮೇವಿಗೆ ಎದ್ದಾಗ ಗೂಡು ನೋಡಿ, ಗೆರೆಯಿಲ್ಲದ ಮೊಟ್ಟೆ ಇದ್ದರೆ ತೆಗೆಯಿರಿ. ನಿಮ್ಮ ಸಮಸ್ಯೆಗೆ ಮುಖ್ಯ ಪರಿಹಾರ ಇದೇ. ಏಳನೇ ದಿನ ರಾತ್ರಿ ಟಾರ್ಚ್ ಬೆಳಕಿನಲ್ಲಿ ನೋಡಿದರೆ ಜೀವವಿದ್ದ ಮೊಟ್ಟೆಯಲ್ಲಿ ಕಪ್ಪು ಚುಕ್ಕೆಯೂ ಸುತ್ತ ಚಾಚಿದ ಕೆಂಪು ನಾಳಗಳೂ ಕಾಣುತ್ತವೆ. ತಿಳಿಯಾಗಿಯೇ ಇದ್ದರೆ ಗೊಡ್ಡು. ನಾಳಗಳಿಲ್ಲದೆ ಕೆಂಪು ಉಂಗುರ ಮಾತ್ರ ಕಂಡರೆ ಮರಿ ಸತ್ತಿದೆ. ಅವೆರಡನ್ನೂ ತೆಗೆದರೆ ಗೂಡಿನಲ್ಲಿ ಕೊಳೆಯುವುದು ತಪ್ಪುತ್ತದೆ. 18ನೇ ದಿನದ ಮೇಲೆ ಕೈ ಹಾಕಬೇಡಿ.

ಹಿತ್ತಲಗೂಡು:

ಈಗ ಅರ್ಥವಾಯಿತು. ಈ ಎರಡು ಮರಿಗಳನ್ನು ಕರಿ ಹೇಂಟೆಯ ನಾಲ್ಕರ ಜೊತೆ ಸೇರಿಸಲೇ?

ಕಾಳುಕಡ್ಡಿ:

ನಾನಾದರೆ ಸೇರಿಸುತ್ತೇನೆ. ಎರಡು ದಿನದ ಅಂತರವಷ್ಟೇ. ಕತ್ತಲಲ್ಲಿ ಮೆಲ್ಲಗೆ ರೆಕ್ಕೆಯಡಿ ಸರಿಸಿದರೆ ಬೆಳಗಾಗುವಷ್ಟರಲ್ಲಿ ತನ್ನವೇ ಎಂದುಕೊಳ್ಳುತ್ತದೆ. ಕೆಂಪು ಹೇಂಟೆಗೆ ಹೊಸ ಮೊಟ್ಟೆ ಕೊಡಬಹುದು.

ಕಾವುಬುಟ್ಟಿ:

ಕೆಂಪು ಹೇಂಟೆ ಮರಿಗಳನ್ನು ಹೇಗೆ ನೋಡಿಕೊಳ್ಳುತ್ತಿದೆ ಎಂಬುದರ ಮೇಲೆ ಹೋಗುತ್ತದೆ. ತಗ್ಗಿದ ದನಿಯಲ್ಲಿ ಕೊಕ್ ಕೊಕ್ ಎಂದು ಕರೆಯುತ್ತಿದ್ದರೆ, ಕಾಳನ್ನು ಕೊಕ್ಕಿನಿಂದ ಎತ್ತಿ ಬಿಟ್ಟು ತೋರಿಸುತ್ತಿದ್ದರೆ, ಅದು ತಾಯಿಯಾಗಿಬಿಟ್ಟಿದೆ. ಹಾಗಿದ್ದರೆ ಕಿತ್ತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಎರಡೇ ಮರಿಯಾದರೂ ಚೆನ್ನಾಗಿ ಸಾಕುತ್ತದೆ. ಕುಕ್ಕುತ್ತಿದ್ದರೆ ಮಾತ್ರ ಕಾಳುಕಡ್ಡಿ ಅವರು ಹೇಳಿದಂತೆ ರಾತ್ರಿ ಸಾಗಿಸಿ, ಬೆಳಕು ಹರಿಯುವ ಮುನ್ನ ಅಲ್ಲೇ ನಿಂತು ನೋಡಿ. ಕರಿ ಹೇಂಟೆ ತಲೆಗೆ ಕುಕ್ಕಿದರೆ ಕೂಡಲೇ ಬೇರ್ಪಡಿಸಿ.

ಹಿತ್ತಲಗೂಡು:

ಕೊಕ್ ಕೊಕ್ ಎಂದು ಕರೆಯುತ್ತಿದೆ, ಮರಿಗಳು ಬೆನ್ನ ಮೇಲೆ ಹತ್ತಿ ಕೂರುತ್ತವೆ. ಅಲ್ಲೇ ಬಿಡುತ್ತೇನೆ. ದೊಡ್ಡ ಕೋಳಿಗಳಿಗೆ ಹಾಕುವ ಮೇವನ್ನೇ ಮರಿಗಳಿಗೂ ಹಾಕಬಹುದೇ? ಪೆನ್ಸಿಲ್ ಬದಲು ಮಾರ್ಕರ್ ಪೆನ್ ಆದೀತೇ?

ಕಾವುಬುಟ್ಟಿ:

ಎರಡಕ್ಕೂ ಬೇಡ. ಮೊಟ್ಟೆ ಇಡುವ ಕೋಳಿಗಳ ಮೇವಿನಲ್ಲಿ ಚಿಪ್ಪಿಗಾಗಿ ಸೇರಿಸಿದ ಕ್ಯಾಲ್ಸಿಯಂ ನೂರಕ್ಕೆ ಮೂರೂವರೆ, ನಾಲ್ಕರಷ್ಟು ಇರುತ್ತದೆ. ಮರಿಗೆ ಬೇಕಾದದ್ದು ನೂರಕ್ಕೆ ಸುಮಾರು ಒಂದರಷ್ಟು, ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ. ನೂರಕ್ಕೆ ಇಪ್ಪತ್ತರಷ್ಟು ಪ್ರೋಟೀನ್ ಇರುವ ಮರಿಗಳ ಮೇವನ್ನೇ ಕೊಡಿ. ತಾಯಿ ಈಗ ಮೊಟ್ಟೆ ಇಡುತ್ತಿಲ್ಲವಾದ್ದರಿಂದ ಅದೂ ಅದನ್ನೇ ತಿನ್ನಲಿ. ನೀರಿಗೆ ಆಳವಿಲ್ಲದ ತಟ್ಟೆಯಿಟ್ಟು ಒಳಗೆ ಬೆಣಚುಕಲ್ಲು ಹಾಕಿ. ಮೊದಲ ವಾರ ಬಟ್ಟಲಿನಲ್ಲಿ ಮುಳುಗಿ ಸಾಯುವ ಮರಿಗಳು ಬಹಳ. ಹಾಸಿದ ಹೊಟ್ಟು ತೇವವಾದರೆ ಆಗಾಗ ಬದಲಿಸಿ. ಮೂರರಿಂದ ಆರು ವಾರದ ನಡುವೆ ಮರಿ ಮುದುಡಿ ಕೂತು ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ ರೋಗ ಇರಬಹುದು, ಅದೇ ದಿನ ಪಶುವೈದ್ಯರಿಗೆ ತೋರಿಸಿ. ಕೊಕ್ಕರೆ ರೋಗದ ಲಸಿಕೆ ಯಾವ ದಿನ ಹಾಕಿಸಬೇಕೆಂದು ಈಗಲೇ ಅವರನ್ನು ಕೇಳಿಟ್ಟುಕೊಳ್ಳಿ. ಎರಡು ತಾಯಂದಿರನ್ನೂ ಬೇರೆ ಬೇರೆ ಕಡೆ ಇರಿಸಿ, ಮರಿಗಳಿರುವ ಹೇಂಟೆಗಳು ಎದುರಾದರೆ ಕಾದಾಡುತ್ತವೆ.

ಚಿಪ್ಪಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ, ಮರಿ ಉಸಿರಾಡುವುದು ಅವುಗಳ ಮೂಲಕ. ಮಾರ್ಕರ್ ಶಾಯಿಯ ದ್ರಾವಕ ಒಳಕ್ಕೆ ಇಳಿಯುವ ಸಾಧ್ಯತೆ ಇದೆ. ಮೆತ್ತನೆಯ ಸೀಸದ ಪೆನ್ಸಿಲ್ ಸಾಕು. ಹೇಂಟೆ ದಿನಕ್ಕೆ ಹಲವು ಸಲ ಮೊಟ್ಟೆ ತಿರುಗಿಸುವುದರಿಂದ ಗೆರೆ ಮಾಸುತ್ತದೆ, ವಾರಕ್ಕೊಮ್ಮೆ ಮತ್ತೆ ಎಳೆಯಿರಿ.